ಇಕ್ಕೇರಿಯನ್ನು ಕಂಡ ರೋಮಿನ ಯಾತ್ರಿಕ

ಶಿವಮೊಗ್ಗ, ಭದ್ರಾವತಿಗಳಿಂದ ಜೋಗದ ಜಲಪಾತವನ್ನು ನೋಡಲು ಹೊರಟವರೆಲ್ಲರೂ ಸಾಗರವನ್ನು ದಾಟಿಯೇ ಹೋಗುವರು. ಆದರೆ ಆ ಊರಿಗೆ ದಕ್ಷಿಣದಲ್ಲಿ ಸುಮಾರು 6 ಕಿಲೋಮೀಟರು ದೂರದಲ್ಲಿರುವ ಇಕ್ಕೇರಿಯ ಕಡೆಗೆ ತಿರುಗುವವರು ಕೆಲವರೇ. ಹಾಗೆ ಹೋದವರಿಗೆ ಅಲ್ಲಿ ಕಾಣುವುದು ಅಘೋರೇಶ್ವರನ ಶಿಲಾಮಂದಿರವೂ ಅದರ ಸುತ್ತಣ ಹಳ್ಳಿಯ ಮೌನವೂ ಮಾತ್ರ. ಇದೇ ಸ್ಥಳವು ಒಂದು ಕಾಲದಲ್ಲಿ ಕೆಳದಿಯ ಅರಸರ ರಾಜಧಾನಿಯಾಗಿದ್ದಿತೆಂದರೆ ಸುಲಭವಾಗಿ ನಂಬಿಕೆ ಬರಲಾರದು. ಆ ನಗರವು ಬಾಳುತ್ತಿದ್ದಾಗ ಅದನ್ನು ಕಣ್ಣಾರೆ ಕಂಡು, ಕಂಡುದನ್ನು ಬರೆದಿಟ್ಟವನೊಬ್ಬನಿರುವನು. ಅವನೇ ರೋಮ್ ಪಟ್ಟಣದ ಪಿಯೆತ್ರೊ ದೆಲ್ಲಾ ವಾಲ್ಲೆ.

ಈತನು 1586ರಲ್ಲಿ ಶ್ರೀಮಂತ ಮನೆತನದಲ್ಲಿ ಜನಿಸಿದನು. ತುರ್ಕಿ, ಪಾರಸಿಕ ದೇಶಗಳನ್ನು ಸುತ್ತಿ 1623ರಲ್ಲಿ ಸೂರತ್ತಿಗೆ ಬಂದು, ಅಲ್ಲಿಂದ ಗೋವೆಯನ್ನು ಸೇರಿದನು. ಮಂಗಳೂರಿನ ಬಂಗರಸನ ರಾಜ್ಯವನ್ನು ಹಿರಿಯ ವೆಂಕಟಪ್ಪನಾಯಕನು ಗೆದ್ದುಕೊಂಡಿದ್ದುದರಿಂದ, ಆ ವಿಷಯವಾಗಿಯೂ ಮೆಣಸಿನ ವ್ಯಾಪಾರದ ವಿಷಯವಾಗಿಯೂ ಮಾತನಾಡಲು ಪೋರ್ಚುಗೀಸರು ಆಗ ಒಬ್ಬ ರಾಯಭಾರಿಯನ್ನು ಇಕ್ಕೇರಿಗೆ ಕಳುಹಿಸುತ್ತಿದ್ದರು. ದೇಶವನ್ನು ನೋಡುವ ಆಸೆಯಿಂದ ನಮ್ಮ ಯಾತ್ರಿಕನೂ ಅವನ ಜೊತೆಗೂಡಿ ಹೊನ್ನಾವರ, ಗೇರುಸೊಪ್ಪೆಗಳ ಮಾರ್ಗವಾಗಿ ಘಟ್ಟವನ್ನೇರಿದನು.

ದಾರಿಯಲ್ಲಿ ಒಂದು ದೇವಾಲಯದ ಜಗಲಿಯ ಮೇಲೆ ನಾಲ್ವರು ಬಾಲಕರು ಲೆಕ್ಕ ಕಲಿಯುತ್ತಿದ್ದರು. ಒಬ್ಬನು ರಾಗವಾಗಿ ಪಾಠವನ್ನು ಹೇಳುತ್ತ ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ಅಂಕಿಗಳನ್ನು ಬರೆಯುವನು. ಉಳಿದವರು ಅದನ್ನೇ ಹೇಳುತ್ತ ಬರೆಯುವರು. ಉಪಾಧ್ಯಾಯನು ಇಲ್ಲದಿರುವಾಗ ಮರೆತುಹೋದರೆ ಏನು ಗತಿಯೆಂದು ಯಾತ್ರಿಕನು ಕೇಳಲು, ನಾಲ್ವರೂ ಒಂದೇ ಪಾಠವನ್ನು ಒಮ್ಮೆಗೇ ಮರೆಯುವುದುಂಟೆ ಎಂದು ಅವರು ಉತ್ತರವಿತ್ತರು. ಅವನು ಈ ಉತ್ತರವನ್ನು ಮೆಚ್ಚಿ ಬರೆದುಕೊಂಡನು. ನಮ್ಮ ಐಗಳ ಮಠಗಳ ವಿದ್ಯಾಭ್ಯಾಸಕ್ಕೆ ಇದಕ್ಕಿಂತ ಹಳೆಯ ಪ್ರತ್ಯಕ್ಷ ಸಾಕ್ಷಿಗಳು ವಿರಳ.

ಇಕ್ಕೇರಿಯು ವಿಶಾಲವಾದ ಬಯಲಿನಲ್ಲಿದ್ದಿತು. ಮೂರು ಬಾಗಿಲುಗಳನ್ನು ದಾಟಿ ಒಳಹೊಗಬೇಕಾಗಿತ್ತು. ಕಲ್ಲುಕೋಟೆಗಿಂತ ಒತ್ತಾಗಿ ಬೆಳೆಸಿದ ಎತ್ತರದ ಬಿದಿರುಮೆಳೆಯೇ ಅದಕ್ಕೆ ರಕ್ಷೆ. ಊರು ದೊಡ್ಡದು, ಮನೆಗಳು ಮಾತ್ರ ತಗ್ಗಾದವು, ವಿರಳವಾದವು ಎಂದು ಆತನು ಮರೆಮಾಚದೆ ಹೇಳಿರುವನು. ಗೌರೀಹಬ್ಬದ ಕೊನೆಯ ದಿನಗಳಲ್ಲಿ ರೇಷ್ಮೆಯುಟ್ಟ ಹುಡುಗಿಯರು ಬಣ್ಣದ ಕೋಲುಗಳನ್ನು ತಟ್ಟುತ್ತ, ವಾದ್ಯದ ಗತಿಗೆ ಕುಣಿಯುತ್ತ, ಪ್ರತಿ ನುಡಿಯ ಕೊನೆಗೆ 'ಕೋಲೆ, ಕೋಲೆ' ಎಂದು ಕೂಡಿ ಹಾಡುತ್ತಿದ್ದುದನ್ನು ನೋಡಿ ಹರ್ಷಪಟ್ಟನು. ನಾಲ್ಕು ನೂರು ವರ್ಷಗಳ ಹಿಂದಿನ ಆ ಪಲ್ಲವಿಯನ್ನು ಮಲೆನಾಡಿನ ಮಕ್ಕಳು ಇಂದಿಗೂ ಗುರುತಿಸಬಲ್ಲರು.

ಆದರೆ ಅವನ ಬರಹದಲ್ಲಿ ಮನಸ್ಸನ್ನು ಕಲಕುವ ಭಾಗವು ಬೇರೊಂದಿರುವುದು. ಒಂದು ಸಂಜೆ ಬೀದಿಯಲ್ಲಿ ಒಬ್ಬ ಹೆಂಗಸು ಕುದುರೆಯನ್ನೇರಿ ಬರುತ್ತಿದ್ದಳು. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ನಿಂಬೆಯ ಹಣ್ಣು. ಕನ್ನಡಿಯಲ್ಲಿ ಮುಖವನ್ನು ನೋಡಿಕೊಳ್ಳುತ್ತ ಕರುಣಸ್ವರದಲ್ಲಿ ಲೋಕಕ್ಕೆ ವಿದಾಯ ಹೇಳುತ್ತಿದ್ದಳು. ಗಂಡನು ಸತ್ತುದರಿಂದ ಅಗ್ನಿಪ್ರವೇಶಕ್ಕೆ ಸಿದ್ಧಳಾಗಿದ್ದಳು. ಯಾತ್ರಿಕನು ಅವಳ ಮನೆಯನ್ನು ಹುಡುಕಿಕೊಂಡು ಹೋಗಿ ದುಭಾಷಿಗಳ ಮೂಲಕ ಮಾತನಾಡಿದನು. ಆಕೆ ತೆಲುಗರವಳು, ಗಂಡನು ನಗಾರಿ ಬಾರಿಸುವವನಾಗಿದ್ದನು. ಹೆಸರು, ಅವನ ಬರವಣಿಗೆಯನ್ನು ನಮ್ಮ ಉಚ್ಚಾರಕ್ಕೆ ತಿರುಗಿಸಿದರೆ, ಜಕ್ಕಮ್ಮ. ಎಳೆಯ ಮಕ್ಕಳನ್ನು ನೆನೆದು ಈ ಸಂಕಲ್ಪವನ್ನು ಬಿಡೆಂದು ಅವನು ಬೇಡಿದನು. ಬಂಧುಗಳು ನೋಡಿಕೊಳ್ಳುವರೆಂದು ಆಕೆ ಹೇಳಿದಳು. ಬಲಾತ್ಕಾರವೇನಾದರೂ ಉಂಟೋ ಎಂದರೆ, ಇಲ್ಲ, ಇದು ತನ್ನ ಇಚ್ಛೆಯೆಂದಳು. ಬಂಧುಗಳು ಸುತ್ತಲೂ ನಿಂತಿರುವಾಗ, ವಾದ್ಯಗಳೊಡನೆ ಊರೆಲ್ಲ ಮೆರವಣಿಗೆ ಮಾಡಿದ ಮೇಲೆ, ಆ ಇಚ್ಛೆಯು ಎಷ್ಟರಮಟ್ಟಿಗೆ ಆಕೆಯದಾಗಿದ್ದಿತೆಂಬುದನ್ನು ವಾಚಕರೇ ಊಹಿಸಬಹುದು.

ಹೀಗೆ ಬೇಡಿದವನಾದರೂ ಎಂತಹವನು! 1621ರ ಕೊನೆಯಲ್ಲಿ ಪಾರಸಿಕ ದೇಶದಲ್ಲಿ ತೀರಿಕೊಂಡ ಪತ್ನಿ ಮಾನಿಯ ದೇಹವನ್ನು, ಕೆಡದಂತೆ ಸಂಸ್ಕರಿಸಿ, ಪೆಟ್ಟಿಗೆಯಲ್ಲಿಟ್ಟು ಭಾರತಕ್ಕೂ ತಂದಿದ್ದವನು. ರೋಮಿಗೆ ಒಯ್ದು ಅಲ್ಲಿಯೇ ಮಣ್ಣುಮಾಡಿದವನು. ಅಗಲಿಕೆಯ ದುಃಖವನ್ನು ಬಲ್ಲ ಅವನು ಜಕ್ಕಮ್ಮನ ನಿಷ್ಠೆಯನ್ನು ಗೌರವಿಸಿದನು. ಆ ಪದ್ಧತಿಯನ್ನು ನಿಂದಿಸಿದನು. ತನ್ನ ದುರ್ಬಲವಾದ ಲೇಖನಿಯಿಂದ ಆಗುವಷ್ಟು ಮಟ್ಟಿಗೆ ಅವಳ ಹೆಸರು ಲೋಕದಲ್ಲಿ ಉಳಿಯುವಂತೆ ಮಾಡುವೆನೆಂದು ಮಾತು ಕೊಟ್ಟನು.

ಸುಮಾರು 1639ರಲ್ಲಿ ರಾಜಧಾನಿಯು ಬಿದನೂರಿಗೆ ಹೋಯಿತು. 1763ರಲ್ಲಿ ಹೈದರನು ಅದನ್ನೂ ವಶಪಡಿಸಿಕೊಂಡನು. 1801ರಲ್ಲಿ ಬುಕಾನನ್ ಎಂಬ ಆಂಗ್ಲ ಸರ್ಕಾರದ ವೈದ್ಯನು ಬರುವ ವೇಳೆಗೆ ಇಕ್ಕೇರಿಯಲ್ಲಿ ಊರೆಂಬುದೇ ಇರಲಿಲ್ಲ. ಮಣ್ಣು ಮರಗಳ ಅರಮನೆಯು ಮಣ್ಣಾಯಿತು. ದೆಲ್ಲಾ ವಾಲ್ಲೆಯು ನೇಪಲ್ಸಿನ ಮಿತ್ರನಿಗೆ ಬರೆದ ಭಾರತದ ಪತ್ರಗಳು ಮಾತ್ರ, ಅವನು ಸತ್ತ ಹನ್ನೊಂದು ವರ್ಷಗಳ ಮೇಲೆ, 1663ರಲ್ಲಿ ಅಚ್ಚಾದುವು.

ಶಿವಮೊಗ್ಗೆಯ ಶಿವಪ್ಪನಾಯಕನ ಅರಮನೆಯ ವಸ್ತುಸಂಗ್ರಹಾಲಯದಲ್ಲಿ ಮಾಸ್ತಿಕಲ್ಲುಗಳಿರುವುವು. ಇಂತಹ ಕಲ್ಲುಗಳ ಮೇಲೆ ಎತ್ತಿದ ಬಳೆದೋಳನ್ನೂ ನಿಂಬೆಯ ಹಣ್ಣನ್ನೂ, ಕೆಲವೆಡೆ ಕನ್ನಡಿಯನ್ನೂ ಕಡೆದಿರುವರು. ಅನೇಕ ಕಲ್ಲುಗಳಲ್ಲಿ ಹೆಸರಿಲ್ಲ. ಮಾತಂತೂ ಯಾವುದರಲ್ಲಿಯೂ ಇಲ್ಲ. ಕೆಲವೇ ದಿನ ತಂಗಿದ್ದ ಒಬ್ಬ ಪರದೇಶಿಯು ಬಾಗಿಲಿಗೆ ಹೋಗಿ ಹೆಸರನ್ನು ಕೇಳಿದುದರಿಂದ ಅವರಲ್ಲಿ ಒಬ್ಬಳ ಮಾತು ನಮ್ಮವರೆಗೆ ಮುಟ್ಟಿತು. ಮುಂದೆ ಆ ಕಲ್ಲುಗಳ ಮುಂದೆ ನಿಂತಾಗ ಶಿಲ್ಪವನ್ನು ಮೆಚ್ಚುವುದಕ್ಕೆ ಮೊದಲು, ಎಳೆಯ ಮಕ್ಕಳನ್ನು ಬಿಟ್ಟು ಹೊರಟ ಜಕ್ಕಮ್ಮನನ್ನು ಒಂದು ಕ್ಷಣ ನೆನೆಯುವುದು ನಮಗೆ ಉಚಿತವಾದುದು.