ನಿಸಿದಿಗಲ್ಲುಗಳೂ ಅವುಗಳನ್ನೋದಿದ ವಿದ್ವಾಂಸರೂ

ಆಹಾರವನ್ನು ಕ್ರಮಕ್ರಮವಾಗಿ ತ್ಯಜಿಸಿ ಸಮಾಧಿಮರಣವನ್ನು ಸ್ವೀಕರಿಸಿದ ಜೈನ ಮುನಿಗಳ ಹಾಗೂ ಕಂತಿಯರ (ಸಂನ್ಯಾಸಿನಿಯರ) ನಾಮಗಳು ಶ್ರವಣಬೆಳ್ಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಬಹುಪ್ರಾಚೀನವಾದ ಕನ್ನಡದಲ್ಲಿ, ನಿಸಿದಿಗಳೆಂಬ ಸ್ಮಾರಕಗಳಾಗಿ ಕೊರೆಯಲ್ಪಟ್ಟು, ಶತಮಾನಗಳ ಕಾಲ ಬಿಸಿಲುಮಳೆಗಳಿಗೆ ಸವೆಯುತ್ತಿದ್ದುವು. ಅವುಗಳನ್ನು ಬಿ. ಎಲ್. ರೈಸ್ ಅವರು 1889ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು, ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿ ವಿಸ್ತರಿಸಿದರು. ರಾಜವಂಶಗಳ ಕಾಲನಿರ್ಣಯವೇ ಆ ತಲೆಮಾರಿನವರ ಮುಖ್ಯ ಚಿಂತೆಯಾಗಿದ್ದಿತು. ಮರಣವನ್ನೇ, ಅದನ್ನು ಶಾಂತಚಿತ್ತದಿಂದ ಬರಮಾಡಿಕೊಂಡ ಮನಸ್ಸನ್ನೇ ಅಧ್ಯಯನದ ವಸ್ತುವಾಗಿ ಕೈಗೆತ್ತಿಕೊಂಡವರು, ಬಹುಕಾಲದ ಅನಂತರ ಬಂದ ಷ. ಶೆಟ್ಟರ್ ಅವರು.

ಹೋರಾಡಿ ಮಡಿದವರ ನೆನಪಿಗೆ ನಿಲ್ಲಿಸಿದ ವೀರಗಲ್ಲುಗಳ ಲೋಕ ಬೇರೆಯದು. ಕ್ರಿ. ಶ. 949-50ರ ಆತಕೂರಿನ ಶಾಸನವು, ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲದ ಮಹಾಯುದ್ಧವನ್ನು ಸ್ಮರಿಸುವುದರೊಡನೆಯೇ, ಗಂಗರ ಅರಸ ಬೂತುಗನಿಂದ ಅವನ ಅನುಚರ ಮಣಲೇರನು ಬೇಡಿ ಪಡೆದ ಕಾಳಿಯೆಂಬ ಬೇಟೆನಾಯಿಯು ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಮಡಿದುದನ್ನು ಹೇಳಿ, ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ (ಶೈವ ಪೂಜಾರಿಗೆ) ನಾಯಿಯ ಪಾಪವೇ ತಟ್ಟಲೆಂದು ವಿಧಿಸುತ್ತದೆ. ಮೂಕಪ್ರಾಣಿಯ ಸಾವಿಗೂ ಭೂಮಿಯನ್ನು ದತ್ತಿಬಿಟ್ಟ ಆ ಜನರ ಕೃತಜ್ಞತೆ ನನಗೆ ಯುದ್ಧವಾರ್ತೆಗಿಂತಲೂ ಹಿರಿದಾಗಿ ತೋರುತ್ತದೆ.

ಇಂಥ ಕಲ್ಲುಗಳು ನಮ್ಮ ಹಳ್ಳಿಗಳಲ್ಲಿ ಇನ್ನೂ ಅನೇಕವಾಗಿ ಹೊಲದಂಚಿನಲ್ಲಿ, ಕೆರೆಯ ಏರಿಯಲ್ಲಿ ಬಿದ್ದಿವೆ. ಕಂಡವರು ಅವನ್ನು ಬಟ್ಟೆಯೊಗೆಯುವ ಚಪ್ಪಡಿಯಾಗಿಸದೆ, ಪುರಾತತ್ತ್ವ ಇಲಾಖೆಯವರಿಗೆ ತಿಳಿಸಬೇಕೆಂದು ಪ್ರಾರ್ಥಿಸುತ್ತೇನೆ.