ಮಿನರ್ವ್ ದುರ್ಗ

ಫ್ರಾನ್ಸ್ ದೇಶದ ದಕ್ಷಿಣದಲ್ಲಿ, ದ್ರಾಕ್ಷಿತೋಟಗಳು ಹಬ್ಬಿರುವ ಎರೋ ಸೀಮೆಯೊಳಗೆ ಮಿನರ್ವ್ ಎಂಬ ಸಣ್ಣ ಊರಿರುವುದು. ಸೆಸ್, ಬ್ರಿಯಾನ್ ಎಂಬ ಎರಡು ಹೊಳೆಗಳು ಸುಣ್ಣಕಲ್ಲನ್ನು ಕಡಿದು ಆಳವಾದ ಕಂದರಗಳನ್ನು ಮಾಡಿ ಈ ಊರನ್ನು ಬಳಸಿವೆ. ಉತ್ತರದ ಕಿರಿದಾದ ನೆಲವೊಂದನ್ನು ಬಿಟ್ಟರೆ ಮೂರು ಕಡೆಯೂ ಕಡಿದಾದ ಬಂಡೆಯೇ ಕೋಟೆ. ಇಂತಹ ದುರ್ಗವು ಬಿದ್ದುದು ಶತ್ರುವಿನ ಖಡ್ಗದಿಂದಲ್ಲ, ನೀರಿನ ಅಭಾವದಿಂದ.

ಹದಿಮೂರನೆಯ ಶತಮಾನದ ಆರಂಭದಲ್ಲಿ ಆ ನಾಡಿನಲ್ಲಿ ಕಥಾರರೆಂಬ ಪಂಥದವರಿದ್ದರು. ಜಗತ್ತಿಗೆ ಶುಭ, ಅಶುಭವೆಂಬ ಎರಡು ಮೂಲತತ್ತ್ವಗಳುಂಟೆಂದು ಅವರ ಮತ. ಅವರಲ್ಲಿ ಪೂರ್ಣದೀಕ್ಷೆ ಪಡೆದವರು ಮಾಂಸವನ್ನು ತ್ಯಜಿಸಿ, ಆಣೆಯಿಡದೆ, ಬ್ರಹ್ಮಚರ್ಯದಿಂದ ಬಾಳುತ್ತಿದ್ದರು. ಪೋಪ್ ಮೂರನೆಯ ಇನೊಸೆಂಟನು 1208ರಲ್ಲಿ ಇವರ ಮೇಲೆ ಧರ್ಮಯುದ್ಧವನ್ನು ಸಾರಿದನು. 1209ರಲ್ಲಿ ಬೆಜಿಯೆ ಪಟ್ಟಣದ ಜನರ ಕಗ್ಗೊಲೆಯಾಯಿತು. ಮರುವರ್ಷ ಸೇನಾನಿ ಸಿಮೊನ್ ದ ಮೊಂಫೋರನು ಮಿನರ್ವಿಗೆ ಮುತ್ತಿಗೆ ಹಾಕಿದನು.

ಕಂದರದಾಚೆ ದೊಡ್ಡ ಕವಣೆಯಂತ್ರಗಳು ನಿಂತವು. ಅವುಗಳಲ್ಲಿ ಹಿರಿದಾದುದಕ್ಕೆ 'ಕೆಟ್ಟ ನೆರೆಯವಳು' ಎಂಬರ್ಥದ ಹೆಸರಿದ್ದಿತು. ಅದರ ಗುರಿಯು ಬಂಡೆಯ ಬುಡದ ಬಾವಿ ಮತ್ತು ಅದಕ್ಕೆ ಇಳಿಯುವ ದಾರಿ. ಒಂದು ರಾತ್ರಿ ಊರಿನವರು ಗುಟ್ಟಾಗಿ ಬಂದು ಅದಕ್ಕೆ ಬೆಂಕಿಯಿಟ್ಟರು. ಯಂತ್ರದವರಲ್ಲಿ ಒಬ್ಬನು ಕಂಡು ಕೂಗಿಕೊಂಡುದರಿಂದ ಅದು ಉಳಿಯಿತು. ಬಾವಿಯ ದಾರಿಯು ಮುರಿದುಬಿತ್ತು. ಬೇಸಗೆಯಲ್ಲಿ ಸೆಸ್ ಹೊಳೆಯೂ ಬತ್ತುವುದು. ಸುಮಾರು ಏಳು ವಾರಗಳಾದ ಮೇಲೆ ದುರ್ಗಾಧಿಪತಿ ಗಿಯೋಮನು ಶರಣಾಗತನಾದನು.

ಮತವನ್ನು ಬಿಟ್ಟವರಿಗೆ ಪ್ರಾಣದಾನವೆಂದು ಒಪ್ಪಂದವಾಯಿತು. ಇದರಿಂದ ಪಾಷಂಡಿಗಳು ತಪ್ಪಿಸಿಕೊಳ್ಳುವರೆಂದು ಯೋಧನೊಬ್ಬನು ಆಕ್ಷೇಪಿಸಲು, ಪೋಪನ ಪ್ರತಿನಿಧಿ ಅರ್ನೋ ಅಮಾಲ್ರಿಕನು, ಹಾಗೆ ಮತ ಬಿಡುವವರು ಬಹಳ ಕಡಮೆಯೆಂದು ಸಮಾಧಾನ ಹೇಳಿದನು. ಅವನ ಎಣಿಕೆ ಸುಳ್ಳಾಗಲಿಲ್ಲ. 1210ನೆಯ ಜುಲೈ 22ರಂದು ಸುಮಾರು 140 ಮಂದಿ ಸ್ತ್ರೀಪುರುಷರು ಚಿತೆಯನ್ನೇರಿದರು. ಮೂವರು ಸ್ತ್ರೀಯರು ಮಾತ್ರ ಮನಸ್ಸು ಬದಲಿಸಿ ಬದುಕಿದರು. ಅವರನ್ನು ಬೆಂಕಿಗೆ ತಳ್ಳಬೇಕಾಗಲಿಲ್ಲ, ತಾವೇ ಧುಮುಕಿದರು ಎಂದು ಬರೆದಿಟ್ಟವನು ದಂಡೆತ್ತಿ ಬಂದವರ ಪಕ್ಷದ ಸಂನ್ಯಾಸಿ ಪಿಯೆರ್. ಅವರನ್ನು ಹಳಿಯುವುದಕ್ಕೆಂದೇ ಹಿಡಿದ ಲೇಖನಿಯು ಅವರ ಸ್ಥೈರ್ಯಕ್ಕೆ ಸಾಕ್ಷಿಯಾಯಿತು.

ಇಂದು ಮಿನರ್ವಿನಲ್ಲಿ ಕೋಟೆಯಿದ್ದುದಕ್ಕೆ ಗುರುತಾಗಿ ಎತ್ತರವಾದ ಒಂದು ಗೋಪುರದ ತುಂಡು ನಿಂತಿದೆ. ಇಗರ್ಜಿಯ ಬಳಿ, ಪಾರಿವಾಳದ ಆಕಾರವನ್ನು ಕೊರೆದು ತೆಗೆದ ಒಂದು ಕಲ್ಲನ್ನು ಮೃತರ ನೆನಪಿಗಾಗಿ ನಿಲ್ಲಿಸಿದ್ದಾರೆ. ಹಕ್ಕಿಯಿರಬೇಕಾದ ಕಡೆ ಕಲ್ಲಿಲ್ಲ. ಬರಿಯ ಬೆಳಕು ಹಾದುಬರುವುದು.