ಹಳೆಯ ವಿದ್ಯಾರ್ಥಿಗಳ ಸ್ವಯಂಸೇವೆ

ವಿಶ್ವವಿದ್ಯಾನಿಲಯ ಅಥವಾ ಕಾಲೇಜಿನಲ್ಲಿ ಓದಿ ಹೊರಬಂದವರು ಸಂಭಾವನೆಯನ್ನು ಅಪೇಕ್ಷಿಸದೆ ಆ ಸಂಸ್ಥೆಗೂ ಅಲ್ಲಿನ ವಿದ್ಯಾರ್ಥಿಗಳಿಗೂ ತಮ್ಮ ಸಮಯ, ಅನುಭವ ಮತ್ತು ಪರಿಶ್ರಮವನ್ನು ನೀಡುವುದನ್ನು ಹಳೆಯ ವಿದ್ಯಾರ್ಥಿಗಳ ಸ್ವಯಂಸೇವೆ ಎನ್ನುತ್ತಾರೆ. ಇದು ಧನಸಹಾಯಕ್ಕಿಂತ ಭಿನ್ನವಾದುದು.

ಇತಿಹಾಸ

ಅಮೆರಿಕದ ವಿಲಿಯಮ್ಸ್ ಕಾಲೇಜಿನಲ್ಲಿ 1821ರಲ್ಲಿ ಸ್ಥಾಪನೆಯಾದ ಸಂಘವು ಆ ದೇಶದಲ್ಲಿಯೇ ಅತ್ಯಂತ ಹಳೆಯದು. ಆ ವರ್ಷ ಕಾಲೇಜಿನ ಅಧ್ಯಕ್ಷರೇ ಕೆಲವು ವಿದ್ಯಾರ್ಥಿಗಳೊಡನೆ ಆಮ್ಹರ್ಸ್ಟ್‌ಗೆ ಹೊರಟುಹೋದರು. ಸಂಸ್ಥೆಯನ್ನು ಉಳಿಸಿಕೊಳ್ಳಲು ಪದವೀಧರರು ಒಂದುಗೂಡಿದರು.

ವಿಧಗಳು

• ಮಾರ್ಗದರ್ಶನ: ಕುಟುಂಬದಲ್ಲಿ ಮೊದಲಿಗರಾಗಿ ಕಾಲೇಜು ಮೆಟ್ಟಿಲೇರಿದವರಿಗೆ ವಿಷಯದ ಆಯ್ಕೆ, ವಿದ್ಯಾರ್ಥಿವೇತನ, ಉದ್ಯೋಗಗಳ ಬಗ್ಗೆ ಮನೆಯಲ್ಲಿ ಹೇಳಿಕೊಡುವವರು ಇರುವುದಿಲ್ಲ. ಆ ಕೊರತೆಯನ್ನು ಹಳೆಯ ವಿದ್ಯಾರ್ಥಿಗಳು ತುಂಬಬಲ್ಲರು.
• ಉದ್ಯೋಗಸಿದ್ಧತೆ: ಅಣಕು ಸಂದರ್ಶನ ನಡೆಸುವುದು, ತಾವು ದುಡಿಯುವೆಡೆ ಇಂಟರ್ನ್‌ಶಿಪ್‌ಗೆ ಅವಕಾಶ ಕಲ್ಪಿಸುವುದು.
• ಬೋಧನೆ: ಅತಿಥಿ ಉಪನ್ಯಾಸ ನೀಡುವುದು, ಪಠ್ಯಕ್ರಮದ ಬಗ್ಗೆ ಸಲಹೆ ಕೊಡುವುದು.
• ದಾಖಲೀಕರಣ: ಹಳೆಯ ಛಾಯಾಚಿತ್ರಗಳನ್ನೂ ವಾರ್ಷಿಕ ಸಂಚಿಕೆಗಳನ್ನೂ ಗ್ರಂಥಾಲಯಕ್ಕೆ ಒಪ್ಪಿಸುವುದು, ನೆನಪುಗಳನ್ನು ಬರೆದುಕೊಡುವುದು.
• ಪ್ರವೇಶ ಸಂದರ್ಶನ: ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ಹಳೆಯ ವಿದ್ಯಾರ್ಥಿಗಳು ಅರ್ಜಿದಾರರನ್ನು ಸಂದರ್ಶಿಸಿ ವರದಿ ಸಲ್ಲಿಸುತ್ತಾರೆ. ಅಂತಿಮ ನಿರ್ಧಾರ ಮಾತ್ರ ಸಂಸ್ಥೆಯದೇ.

ಭಾರತದಲ್ಲಿ

ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತು (ನ್ಯಾಕ್) 2017ರಲ್ಲಿ ಪರಿಷ್ಕರಿಸಿದ ತನ್ನ ಮೌಲ್ಯಮಾಪನ ಪದ್ಧತಿಯಲ್ಲಿ ಹಳೆಯ ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆಯನ್ನೂ ಪರಿಗಣಿಸಿತು. ನೋಂದಾಯಿತ ಸಂಘದ ಆರ್ಥಿಕ ನೆರವಿನ ಜೊತೆಗೆ ಇತರ ಸೇವೆಗಳಿಗೂ ಅದರಲ್ಲಿ ಮನ್ನಣೆಯಿದೆ. ಕರ್ನಾಟಕದಲ್ಲಿ ಇಂತಹ ಸಂಘಗಳನ್ನು 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಡಿ ನೋಂದಾಯಿಸಬಹುದು. ದೇಣಿಗೆ ನೀಡುವಷ್ಟು ಅನುಕೂಲವಿಲ್ಲದವರೂ ಈ ಬಗೆಯ ಸೇವೆಯಿಂದ ತಾವು ಓದಿದ ಸಂಸ್ಥೆಯ ಋಣವನ್ನು ತೀರಿಸಬಹುದು.